ಕ್ಯಾಸಿನೊದ ಹೊಗೆಗೆ ಬೆಲೆ ಕಟ್ಟುವುದು ಹೇಗೆ?



ಹೋದ ಬೇಸಿಗೆಯಲ್ಲಿ ಗೆಳೆಯನ ಗೃಹಪ್ರವೇಶಕ್ಕೆಂದು ಡೆಟ್ರಾಯಿಟ್ ಕಡೆ ಹೋಗಿದ್ದೆವು. ಊಟ, ಹರಟೆ ಮುಗಿದ ಮೇಲೆ ನಾವು ನಾಲ್ಕು ಜನ ಊರಿನ ಕ್ಯಾಸಿನೊ ಒಂದಕ್ಕೆ ಹೋಗಿಬಂದೆವು. ನಾನು ಆಡಿದ್ದು ನಲವತ್ತು ಡಾಲರ್, ಕಳೆದದ್ದೂ ಅಷ್ಟೇ. ಮರುದಿನ ಲಿಸ್ಲ್‌ಗೆ ವಾಪಸ್ ಬಂದು ಬಟ್ಟೆ ಒಗೆಯಲು ಹಾಕುವಾಗ ನನ್ನಾಕೆ ಶರ್ಟನ್ನು ದೂರ ಹಿಡಿದು, "ಏನ್ರೀ, ಸಿಗರೇಟು ಶುರು ಮಾಡಿದ್ರಾ?" ಎಂದಳು. ವಿಷಯ ಹೇಳಿದೆ. "ಮತ್ತೆ ಇಲ್ಲೇ ಅರೋರಾದ ಕ್ಯಾಸಿನೊಗೆ ಹೋಗಿದ್ದಾಗ ಈ ವಾಸನೆ ಇರಲಿಲ್ವಲ್ಲ?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ನನ್ನ ನಿವೃತ್ತಿ ಖಾತೆಯಲ್ಲಿ ಕ್ಯಾಸಿನೊ ಕಂಪನಿಯೊಂದರ ಒಂದಿಷ್ಟು ಷೇರುಗಳಿವೆ. ಆ ಉದ್ಯಮದ ಬ್ಯಾಲೆನ್ಸ್ ಶೀಟ್ ಓದುವವನಿಗೆ ಇದರ ಉತ್ತರ ಗೊತ್ತಿರಬೇಕಲ್ಲವೇ?

ಎರಡು ರಾಜ್ಯ, ಎರಡು ಕಾನೂನು

ಇಲಿನಾಯ್‌ನಲ್ಲಿ 'ಸ್ಮೋಕ್ ಫ್ರೀ ಇಲಿನಾಯ್ ಆಕ್ಟ್' 2008ರ ಜನವರಿ 1ರಂದು ಜಾರಿಗೆ ಬಂತು. ಕಚೇರಿ, ಬಾರು, ರೆಸ್ಟೋರೆಂಟಿನ ಜೊತೆಗೆ ಕ್ಯಾಸಿನೊಗಳೂ ಅದರಡಿ ಬಂದವು. ಬಾಗಿಲಿನಿಂದ 15 ಅಡಿಯೊಳಗೂ ಸೇದುವಂತಿಲ್ಲ.

ಮಿಷಿಗನ್‌ನ ಕಾನೂನು ಜಾರಿಯಾದದ್ದು 2010ರ ಮೇ 1ರಂದು. ಅದು ಬಾರುಗಳಿಗೂ ಅನ್ವಯಿಸುತ್ತದೆ. ಆದರೆ ಡೆಟ್ರಾಯಿಟ್‌ನ ಮೂರು ಕ್ಯಾಸಿನೊಗಳ ಆಟದ ಅಂಗಳಕ್ಕೆ ಮಾತ್ರ ವಿನಾಯಿತಿ. ಮೂಲನಿವಾಸಿ ಬುಡಕಟ್ಟುಗಳು ನಡೆಸುವ ಕ್ಯಾಸಿನೊಗಳಿಗೆ ರಾಜ್ಯದ ಕಾನೂನು ತಾಗುವುದಿಲ್ಲ, ಗಿರಾಕಿಗಳು ಅಲ್ಲಿಗೆ ಹೋಗಿಬಿಡುತ್ತಾರೆ ಎಂಬುದು ಆಗಿನ ವಾದ. ಕ್ಯಾಸಿನೊ ತೆರಿಗೆ ಡೆಟ್ರಾಯಿಟ್ ನಗರದ ದೊಡ್ಡ ಆದಾಯಗಳಲ್ಲೊಂದು ಎಂಬುದನ್ನೂ ನೆನಪಿಡಿ. ತಮಾಷೆಯೆಂದರೆ, ನದಿಯಾಚೆಗಿನ ವಿಂಡ್ಸರ್‌ನ ಕ್ಯಾಸಿನೊದಲ್ಲಿ ಒಂಟಾರಿಯೊ ಕಾನೂನಿನಂತೆ 2006ರಿಂದಲೇ ಒಳಗೆ ಸೇದುವಂತಿಲ್ಲ.

ದಂಡಕ್ಕೆ ಯಾರು ಹೆದರುತ್ತಾರೆ?

ಇಲಿನಾಯ್‌ನಲ್ಲಿ ಸೇದಿದವರಿಗೆ 100ರಿಂದ 250 ಡಾಲರ್ ದಂಡ. ಜಾಗದ ಮಾಲೀಕರಿಗೆ ಮೊದಲ ತಪ್ಪಿಗೆ ಕನಿಷ್ಠ 250, ಎರಡನೆಯದಕ್ಕೆ 500, ಒಂದು ವರ್ಷದೊಳಗೆ ಮತ್ತೂ ಆದರೆ ಪ್ರತಿಯೊಂದಕ್ಕೆ 2,500.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಕ್ಯಾಸಿನೊದ ವರ್ಷದ ಆದಾಯ, ಅಂದರೆ ಗೆದ್ದವರಿಗೆ ಕೊಟ್ಟು ಉಳಿದದ್ದು, 40 ಕೋಟಿ ಡಾಲರ್ ಎಂದುಕೊಳ್ಳಿ. ದಿನಕ್ಕೆ ಸುಮಾರು 11 ಲಕ್ಷ, ಗಂಟೆಗೆ 45 ಸಾವಿರ ಆಯಿತು. ಆ 2,500 ಡಾಲರ್ ದಂಡ ಸುಮಾರು ಮೂರೂಕಾಲು ನಿಮಿಷದ ದುಡಿಮೆ ಅಷ್ಟೇ! ದಂಡ ಒಂದೇ ಇದ್ದಿದ್ದರೆ ಯಾವ ಸಿ.ಎಫ್.ಒ. ಕೂಡ ಅದನ್ನು ಖರ್ಚಿನ ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತಿದ್ದ.

ದಂಡದ ವ್ಯವಸ್ಥೆಯೂ ಮೊದಲ ವರ್ಷ ಕುಂಟುತ್ತಿತ್ತು. ನೋಟಿಸ್ ಬಂದವರು ಅದನ್ನು ಪ್ರಶ್ನಿಸುವ ವಿಚಾರಣೆಯ ಕ್ರಮ ಸರಿಯಾಗಿರಲಿಲ್ಲ. 2009ರ ತಿದ್ದುಪಡಿ ಬಂದ ಮೇಲೆ ಅದು ಸರಿಹೋಯಿತು.

ಹಾಗಾದರೆ ಅರೋರಾದಲ್ಲಿ ಕಾನೂನು ನಡೆಯುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ಕಾರಣ ಲೈಸೆನ್ಸು. ಕ್ಯಾಸಿನೊದ ಉಸಿರು ಇಲಿನಾಯ್ ಗೇಮಿಂಗ್ ಬೋರ್ಡ್ ಕೈಯಲ್ಲಿದೆ. ಬೋರ್ಡಿನ ಸಿಬ್ಬಂದಿ ಕ್ಯಾಸಿನೊದ ಒಳಗೇ ಇರುತ್ತಾರೆ. ಪ್ರತಿ ಟೇಬಲ್ ಮೇಲೂ ಕ್ಯಾಮೆರಾ ಇದೆ. ಒಂದು ಚಿಪ್ಪು ಅತ್ತಿತ್ತ ಆದರೂ ಗೊತ್ತಾಗುವ ಜಾಗದಲ್ಲಿ ಸಿಗರೇಟು ಕಾಣುವುದಿಲ್ಲವೇ? ಊರಿನ ಮೂಲೆಯ ಬಾರಿಗಿಂತ ಕ್ಯಾಸಿನೊದಲ್ಲಿ ನಿಷೇಧ ಜಾರಿ ಮಾಡುವುದು ಸುಲಭ. ಕಷ್ಟವಿರುವುದು ಕಾನೂನು ತರುವುದರಲ್ಲಿ.

ನಷ್ಟ ಆಯಿತೇ? ಆಯಿತು

ಇಲ್ಲಿ ಪ್ರಾಮಾಣಿಕವಾಗಿರಬೇಕು. ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರಾದ ಥಾಮಸ್ ಗ್ಯಾರೆಟ್ ಮತ್ತು ಮೈಕಲ್ ಪ್ಯಾಕೊ ನಿಷೇಧದ ಮೊದಲ ವರ್ಷದ ಲೆಕ್ಕ ತೆಗೆದರು. 2008 ಆರ್ಥಿಕ ಹಿಂಜರಿತದ ವರ್ಷ ಎಂಬುದು ಅವರಿಗೂ ಗೊತ್ತಿತ್ತು. ಅದಕ್ಕೇ ಪಕ್ಕದ ರಾಜ್ಯಗಳ ಕ್ಯಾಸಿನೊಗಳ ಜೊತೆ ಹೋಲಿಸಿದರು. ಹಿಂಜರಿತ ಎಲ್ಲರಿಗೂ ಒಂದೇ, ನಿಷೇಧ ಇಲಿನಾಯ್‌ಗೆ ಮಾತ್ರ. ಇಲಿನಾಯ್ ಕ್ಯಾಸಿನೊಗಳ ಆದಾಯ ಶೇಕಡಾ 20ಕ್ಕಿಂತ ಹೆಚ್ಚು, ಅಂದರೆ ಸುಮಾರು 40 ಕೋಟಿ ಡಾಲರ್ ಕುಸಿಯಿತು ಎಂದು ಅವರ ಅಂದಾಜು.

ಆದರೆ ಆ ಹಣವೆಲ್ಲ ಆವಿಯಾಗಲಿಲ್ಲ. ಒಂದಷ್ಟು ಗಡಿ ದಾಟಿರಬೇಕು. ಶಿಕಾಗೊದಿಂದ ಇಂಡಿಯಾನಾದ ಹ್ಯಾಮಂಡ್ ಕೂಗಳತೆಯಲ್ಲಿದೆ. ಅಲ್ಲಿನ ಕ್ಯಾಸಿನೊ ಅದೇ 2008ರಲ್ಲಿ ಭಾರಿ ವಿಸ್ತರಣೆ ಮಾಡಿ ಬಾಗಿಲು ತೆರೆಯಿತು. 2012ರಲ್ಲಿ ಇಂಡಿಯಾನಾ ಧೂಮಪಾನ ನಿಷೇಧ ತಂದಾಗಲೂ ಕ್ಯಾಸಿನೊಗಳನ್ನು ಹೊರಗಿಟ್ಟಿತು. ಹಾಗಾಗಿ ಆ ಶೇಕಡಾ 20ನ್ನು ಬರೀ ಹೊಗೆಯ ಬೆಲೆ ಎಂದು ಓದುವುದು ತಪ್ಪು. ಪಕ್ಕದವನಿಗೆ ಕೊಟ್ಟ ವಿನಾಯಿತಿಯ ಬೆಲೆಯೂ ಅದರಲ್ಲಿದೆ.

ಇನ್ನೊಂದು ಉದಾಹರಣೆ ನೋಡಿ. 2011ರ ಜುಲೈನಲ್ಲಿ ಡೆಸ್ ಪ್ಲೇನ್ಸ್‌ನಲ್ಲಿ ರಿವರ್ಸ್ ಕ್ಯಾಸಿನೊ ಶುರುವಾಯಿತು, ಹುಟ್ಟಿನಿಂದಲೇ ಹೊಗೆ ಇಲ್ಲದ ಕ್ಯಾಸಿನೊ. ಅದು ಬಲುಬೇಗ ರಾಜ್ಯದಲ್ಲೇ ಹೆಚ್ಚು ಗಳಿಸುವ ಕ್ಯಾಸಿನೊ ಆಯಿತು. ಹೊಗೆ ಬಿಡದೆ ಜೂಜಾಡುವವರು ಬರುವುದೇ ಇಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಲೆಕ್ಕಕ್ಕೆ ಬಾರದ ಖರ್ಚು

ಆ ರಾತ್ರಿ ನಮ್ಮ ಟೇಬಲ್ಲಿನಲ್ಲಿ ಇಸ್ಪೀಟು ಹಂಚುತ್ತಿದ್ದ ಹೆಣ್ಣುಮಗಳು ಪಕ್ಕದಲ್ಲಿ ಕೂತವನ ಹೊಗೆಯನ್ನು ಎಡಗೈಯಿಂದ ಮೆಲ್ಲನೆ ಬೀಸಿಕೊಳ್ಳುತ್ತಾ, ಮುಖದ ನಗು ಕೆಡದಂತೆ ನೋಡಿಕೊಳ್ಳುತ್ತಿದ್ದಳು. ನಾನು ಕೂತದ್ದು ಎರಡು ಗಂಟೆ, ಒಂದು ಶರ್ಟು ಒಗೆದರೆ ಮುಗಿಯಿತು. ಅವಳಿಗೆ ಅದು ದಿನದ ಕೆಲಸ. ಪರರ ಹೊಗೆಗೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ, ಗಾಳಿ ಯಂತ್ರಗಳಿಂದ ಅದನ್ನು ಪೂರ್ತಿ ತೆಗೆಯಲಾಗದು ಎಂದು ಅಮೆರಿಕದ ಸರ್ಜನ್ ಜನರಲ್ 2006ರಲ್ಲೇ ಹೇಳಿದ್ದಾರೆ. ಅವಳ ಶ್ವಾಸಕೋಶದ ಖರ್ಚು ಕಂಪನಿಯ ಯಾವ ತ್ರೈಮಾಸಿಕ ವರದಿಯಲ್ಲೂ ಪ್ರತ್ಯೇಕ ಸಾಲಾಗಿ ಬರುವುದಿಲ್ಲ. ಆರೋಗ್ಯ ವಿಮೆಯ ಕಂತಿನಲ್ಲೋ, ರಜೆಯಲ್ಲೋ, ಕೆಲಸ ಬಿಟ್ಟವರ ಜಾಗ ತುಂಬುವ ಖರ್ಚಿನಲ್ಲೋ ಅಡಗಿರುತ್ತದೆ. ಉಳಿದದ್ದನ್ನು ಅವಳ ಮನೆಯವರು ಕಟ್ಟುತ್ತಾರೆ.

ಹೂಡಿಕೆದಾರರಾಗಿ ನಾವು ಕೇಳಬೇಕಾದವು ಮೂರು ಪ್ರಶ್ನೆ:

1. ಕಂಪನಿಯ ಆದಾಯದಲ್ಲಿ ಎಷ್ಟು ಭಾಗ ವಿನಾಯಿತಿ ಇರುವ ರಾಜ್ಯಗಳಿಂದ ಬರುತ್ತದೆ? ಶಾಸನಸಭೆಯ ಒಂದು ಮತದಿಂದ ಆ ವಿನಾಯಿತಿ ಹೋಗಬಹುದು.

2. ಗಡಿಯಾಚೆಗಿನ ಕಾನೂನು ಏನು? ಇಡೀ ಪ್ರದೇಶಕ್ಕೆ ಒಂದೇ ನಿಯಮವಾದರೆ ಯಾರ ಗಿರಾಕಿಯೂ ಹೊಗೆಗಾಗಿ ಓಡುವುದಿಲ್ಲ.

3. ಅದೇ ಕಂಪನಿ ಬೇರೆ ಕಡೆ ಹೊಗೆಯಿಲ್ಲದೆ ನಡೆಸುತ್ತಿದೆಯೇ? ಎಂಜಿಎಂ 2020ರಲ್ಲಿ ಲಾಸ್ ವೇಗಸ್‌ನ ಪಾರ್ಕ್ ಎಂಜಿಎಂ ಅನ್ನು ತಾನಾಗಿಯೇ ಹೊಗೆಮುಕ್ತ ಮಾಡಿತು, ಯಾವ ಕಾನೂನೂ ಒತ್ತಾಯಿಸಿರಲಿಲ್ಲ.

ಧೂಮಪಾನದಿಂದ ಆಗುವ ಖರ್ಚಿನ ವರದಿ ಕೊಡಿ ಎಂದು ಕೆಲವು ಕ್ಯಾಸಿನೊ ಕಂಪನಿಗಳ ಷೇರುದಾರರು ಇತ್ತೀಚಿನ ವರ್ಷಗಳಲ್ಲಿ ಠರಾವು ತಂದಿದ್ದಾರೆ. ಇಂಥ ಪ್ರಾಕ್ಸಿ ಮತಪತ್ರಗಳ ಇ-ಮೇಲ್ ಬಂದರೆ ನಾವು ಸಾಮಾನ್ಯವಾಗಿ ಓದದೇ ಅಳಿಸುತ್ತೇವೆ. ನಾನೂ ಅದನ್ನೇ ಮಾಡುತ್ತಿದ್ದೆ.

ಷೇರು ಮಾರಿದೆನೇ ಎಂದು ಕೇಳಬಹುದು. ಇಲ್ಲ, ಇನ್ನೂ ಮಾರಿಲ್ಲ. ಮಾರಿದರೆ ಇನ್ನೊಬ್ಬ ಕೊಳ್ಳುತ್ತಾನೆ, ಆ ಟೇಬಲ್ಲಿನ ಗಾಳಿ ಬದಲಾಗುವುದಿಲ್ಲ. ಇಟ್ಟುಕೊಂಡರೆ ಕನಿಷ್ಠ ಒಂದು ಮತವಾದರೂ ನನ್ನ ಕೈಯಲ್ಲಿರುತ್ತದೆ. ಇದು ನನ್ನ ಲಾಭಕ್ಕೆ ನಾನೇ ಹೇಳಿಕೊಳ್ಳುವ ಸಮಾಧಾನವೂ ಇರಬಹುದು, ಅಲ್ಲವೆನ್ನಲಾರೆ. ಹಾಗಾಗಿ ಮುಂದಿನ ವಾರ್ಷಿಕ ಸಭೆಯ ಮತಪತ್ರವನ್ನು ತೆರೆದು ಓದಿ ಮತ ಹಾಕುತ್ತೇನೆ ಎಂದು ನನ್ನಾಕೆಗೆ ಮಾತು ಕೊಟ್ಟಿದ್ದೇನೆ.

(ಇದು ನನ್ನ ಸ್ವಂತ ಅಭಿಪ್ರಾಯ, ಷೇರು ಕೊಳ್ಳುವ ಅಥವಾ ಮಾರುವ ಸಲಹೆಯಲ್ಲ.)