ದೋಷವನ್ನೆದುರಿಸುವ ಗಣಕಯಂತ್ರ

ವೀಳ್ಯದೆಲೆಯನ್ನು ಹೇರಿಕೊಂಡು ಸವಣೂರಿನ ಪೇಟೆಗೆ ಹೊರಟ ಚಕ್ಕಡಿಯ ಕಡಾಣಿಯು ನಡುದಾರಿಯಲ್ಲಿ ಕಳಚಿ ಬಿದ್ದಿತೆಂದುಕೊಳ್ಳೋಣ. ರೈತನು ಎತ್ತುಗಳನ್ನು ನಿಲ್ಲಿಸಿ, ಬೇರೊಂದು ಕೀಲನ್ನು ಸಿಕ್ಕಿಸಿ ಮುಂದೆ ಸಾಗುತ್ತಾನೆ. ಆದರೆ ಭೂಮಿಯಿಂದ ಸುಮಾರು 3,84,000 ಕಿಲೋಮೀಟರು ದೂರದಲ್ಲಿರುವ ಚಂದ್ರನನ್ನು ಸುತ್ತುವ ನೌಕೆಯಲ್ಲಿ ಉಪಕರಣವೊಂದು ಕೆಟ್ಟರೆ, ಅದನ್ನು ಸರಿಪಡಿಸಲು ಅಲ್ಲಿಗೆ ಹೋಗುವವರಾರು? ಉಳಿದ ಉಪಕರಣಗಳಿಂದಲೇ ನಿಭಾಯಿಸುವ ಬಗೆಯನ್ನು ನೌಕೆಯ ಗಣಕಯಂತ್ರಕ್ಕೆ ಕಲಿಸಬೇಕಾಗುತ್ತದೆ.

ಗಣಕಯಂತ್ರದಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳನ್ನು ಯಂತ್ರಾಂಶವೆಂದೂ, ಅವು ಯಾವಾಗ ಏನು ಮಾಡಬೇಕೆಂದು ವಿಧಿಸುವ ಆದೇಶಗಳ ಸಮೂಹವನ್ನು ತಂತ್ರಾಂಶವೆಂದೂ ಕರೆಯುತ್ತಾರೆ. ಯಂತ್ರಾಂಶವು ಸವೆಯುತ್ತದೆ; ಅತಿಯಾಗಿ ಬಿಸಿಯೇರಿದರೆ ಕೆಡುತ್ತದೆ. ಬಾಹ್ಯಾಕಾಶದ ವಿಕಿರಣದ ಕಣವೊಂದು ತಾಗಿದರೆ ಗಣಕದ ಸ್ಮೃತಿಯಲ್ಲಿದ್ದ ‘ಸೊನ್ನೆ’ಯು ‘ಒಂದು’ ಆಗಿಬಿಡಬಹುದು. ಆದುದರಿಂದ ಒಳ್ಳೆಯ ತಂತ್ರಾಂಶವು ಯಂತ್ರಾಂಶವನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಮೊದಲನೆಯದಾಗಿ, ಅದು ಪರೀಕ್ಷಿಸುತ್ತದೆ. ಎತ್ತರವನ್ನಳೆಯುವ ಉಪಕರಣವು ಒಂದು ಕ್ಷಣ ‘ಏಳು ಕಿಲೋಮೀಟರು’ ಎಂದೂ ಮರುಕ್ಷಣ ‘ಎಪ್ಪತ್ತು’ ಎಂದೂ ತಿಳಿಸಿದರೆ, ಅದನ್ನು ಅಸಂಭವವೆಂದು ತಳ್ಳಿಹಾಕುತ್ತದೆ. ಎರಡನೆಯದಾಗಿ, ಹೋಲಿಸಿ ನೋಡುತ್ತದೆ. ಮೂರು ಉಪಕರಣಗಳಲ್ಲಿ ಎರಡು ಒಂದೇ ಅಳತೆಯನ್ನು ಕೊಟ್ಟು ಮೂರನೆಯದು ಬೇರೆಯಾದರೆ, ಬಹುಮತವನ್ನು ಒಪ್ಪಿಕೊಳ್ಳುತ್ತದೆ. ಮೂರನೆಯದಾಗಿ, ಕೆಟ್ಟ ಭಾಗವನ್ನು ಬದಿಗಿರಿಸಿ ಉಳಿದವುಗಳಿಂದ ಕೆಲಸವನ್ನು ಸಾಗಿಸುತ್ತದೆ.

2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1 ನಕ್ಷತ್ರಗಳನ್ನು ಗುರುತಿಸಿ ತನ್ನ ದಿಕ್ಕನ್ನು ಅರಿಯುತ್ತಿತ್ತು. ಮರುವರ್ಷ ಅದರ ನಕ್ಷತ್ರ ಸಂವೇದಕಗಳು ಕೆಟ್ಟವು. ಆಗ ವಿಜ್ಞಾನಿಗಳು, ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್ ಮೊದಲಾದ ಉಪಕರಣಗಳ ನೆರವಿನಿಂದ ದಿಕ್ಕನ್ನು ನಿರ್ಣಯಿಸುವ ಬೇರೊಂದು ಮಾರ್ಗವನ್ನು ಕಂಡುಕೊಂಡರು. 2009ರ ಆಗಸ್ಟ್ 29ರಂದು ಸಂಪರ್ಕವು ಕಡಿಯುವವರೆಗೆ ನೌಕೆಯು ಕೆಲಸ ಮಾಡಿತು.

ಸುತ್ತುವ ನೌಕೆಯ ವಿಷಯದಲ್ಲಿ ಆಲೋಚಿಸಲು ಸಮಯವಿರುತ್ತದೆ. ಇಳಿಯುವ ನೌಕೆಗೆ ಅದಿಲ್ಲ. ಸಂದೇಶವು ಚಂದ್ರನಿಗೆ ಹೋಗಿ ಮರಳಲು ಸುಮಾರು ಎರಡೂವರೆ ಸೆಕೆಂಡು ಬೇಕು. ಆದುದರಿಂದ ಇಳಿಯುವಾಗಿನ ನಿರ್ಧಾರಗಳನ್ನು ನೌಕೆಯ ಗಣಕವೇ ಕೈಗೊಳ್ಳುತ್ತದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ‘ವಿಕ್ರಮ್’ ಇಳಿಯುತ್ತಿದ್ದಾಗ ಇಂಜಿನುಗಳ ನೂಕುಬಲವು ನಿರೀಕ್ಷೆಗಿಂತ ಹೆಚ್ಚಾಯಿತು. ಸಣ್ಣ ತಪ್ಪುಗಳು ಒಂದಕ್ಕೊಂದು ಕೂಡಿ ದೊಡ್ಡದಾದವು. ಅವುಗಳನ್ನು ತಿದ್ದಲು ನೌಕೆಯು ಅತಿ ವೇಗವಾಗಿ ತಿರುಗಿಕೊಳ್ಳಬೇಕಾಗಿತ್ತು. ಆದರೆ ತಂತ್ರಾಂಶವು ಆ ವೇಗಕ್ಕೆ ಮಿತಿಯನ್ನು ಹಾಕಿತ್ತು. ನೌಕೆಯು ಚಂದ್ರನ ನೆಲಕ್ಕೆ ಅಪ್ಪಳಿಸಿತು.

ಈ ಸೋಲು ಇಸ್ರೋ ಸಂಸ್ಥೆಯ ವಿಜ್ಞಾನಿಗಳ ಆಲೋಚನಾಕ್ರಮವನ್ನೇ ಬದಲಿಸಿತು. ಚಂದ್ರಯಾನ-3ನ್ನು ರೂಪಿಸುವಾಗ ಅವರು, ‘ಯಾವುದು ಕೆಡಬಹುದು? ಕೆಟ್ಟರೂ ಸುರಕ್ಷಿತವಾಗಿ ಇಳಿಯುವುದು ಹೇಗೆ?’ ಎಂಬ ಪ್ರಶ್ನೆಗಳಿಂದ ಆರಂಭಿಸಿದರು. 500 ಮೀಟರು ಉದ್ದಗಲಗಳಿದ್ದ ಇಳಿದಾಣವನ್ನು 4 ಕಿಲೋಮೀಟರು ಉದ್ದ, 2.4 ಕಿಲೋಮೀಟರು ಅಗಲಕ್ಕೆ ಹಿಗ್ಗಿಸಿದರು. ಇಂಧನವನ್ನು ಹೆಚ್ಚಿಸಿದರು. ವೇಗವನ್ನು ಅಳೆಯಲು ಲೇಸರ್ ಉಪಕರಣವನ್ನು ಸೇರಿಸಿದರು. ತಂತ್ರಾಂಶವನ್ನು ಬಗೆಬಗೆಯ ದೋಷಗಳಿಗೆ ಒಡ್ಡಿ ಪರೀಕ್ಷಿಸಿದರು. 2023ರ ಆಗಸ್ಟ್ 23ರ ಸಂಜೆ ನೌಕೆಯು ಚಂದ್ರನ ಮೇಲೆ ಮೆಲ್ಲನೆ ಇಳಿಯಿತು.

ಎಂದೂ ಕೆಡದ ಯಂತ್ರವನ್ನು ಮಾನವನು ಇನ್ನೂ ನಿರ್ಮಿಸಿಲ್ಲ. ಕೆಟ್ಟಾಗಲೂ ಕೈಬಿಡದ ಯಂತ್ರವನ್ನು ನಿರ್ಮಿಸುವುದು ಸಾಧ್ಯ. ಆದರೆ ಗಣಕಕ್ಕೆ ಸ್ವಂತ ದೂರದೃಷ್ಟಿಯಿಲ್ಲ. ಅದಕ್ಕೆ ಆದೇಶಗಳನ್ನು ಬರೆಯುವವರು ಮುಂಗಂಡು ಸಿದ್ಧಪಡಿಸಿದಷ್ಟನ್ನೇ ಅದು ಎದುರಿಸಬಲ್ಲದು. ಆದುದರಿಂದ ತನ್ನ ಕೆಲಸದಲ್ಲಿ ಎಲ್ಲಿ ತಪ್ಪಾದೀತೆಂದು ಮೊದಲೇ ಹುಡುಕುವ ಎಚ್ಚರವು ವಿಜ್ಞಾನಿಗೆ ಜಾಣ್ಮೆಯಷ್ಟೇ ಅವಶ್ಯಕವಾದುದು.