ವಿಮಾನ ಚಾಲಕ ವೃತ್ತಿ : ಪರವಾನಗಿಯ ನಂತರದ ದಾರಿ

ಚಿತ್ರದುರ್ಗ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಕಡೆಯವರಿಗೆ 2023ರಲ್ಲಿ ಉದ್ಘಾಟನೆಗೊಂಡ ಶಿವಮೊಗ್ಗದ ನಿಲ್ದಾಣ ಸಮೀಪದ್ದು. ಹಿರಿಯೂರಿನವರು ಹೆದ್ದಾರಿ ಹಿಡಿದು ಬೆಂಗಳೂರಿನತ್ತಲೇ ಸಾಗುತ್ತಾರೆ. ಆದರೂ ಈ ತಾಲ್ಲೂಕುಗಳ ಶಾಲೆಗಳಲ್ಲಿ ತಾನು ವಿಮಾನ ನಡೆಸಬೇಕೆಂಬ ಹಂಬಲವುಳ್ಳ ಮಕ್ಕಳಿಗೆ ಕೊರತೆಯಿಲ್ಲ. ಹಂಬಲ ಸ್ತುತ್ಯವಾದುದೇ. ಆದರೆ ಪರವಾನಗಿ ದೊರೆತರೆ ನೌಕರಿಯೂ ದೊರೆತಂತೆ ಎಂಬ ನಂಬಿಕೆಯಿಂದ ಹೊಲ ತೋಟಗಳನ್ನು ಅಡವಿಡಲು ಹೊರಡುವ ತಂದೆತಾಯಿಗಳು ಮೊದಲು ಕೆಲವು ಸಂಗತಿಗಳನ್ನು ಅರಿಯುವುದು ಅವಶ್ಯ.

ವಾಣಿಜ್ಯ ವಿಮಾನ ಚಾಲಕನ ಪರವಾನಗಿಗೆ 18 ವರ್ಷ ತುಂಬಿರಬೇಕು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬುದು ಬಹುಕಾಲದ ನಿಯಮ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ವಿಮಾನ ಮಾರ್ಗನಿರ್ಣಯ, ಹವಾಮಾನ ಶಾಸ್ತ್ರ, ವಾಯುಯಾನ ನಿಯಮಗಳು ಮೊದಲಾದ ವಿಷಯಗಳಲ್ಲಿ ಪರೀಕ್ಷೆ ನಡೆಸುತ್ತದೆ. ಇದರೊಡನೆ 200 ಗಂಟೆಗಳ ಹಾರಾಟ ಪೂರೈಸಬೇಕು. ಅದರಲ್ಲಿ 100 ಗಂಟೆ ಅಭ್ಯರ್ಥಿಯೇ ವಿಮಾನದ ಹೊಣೆ ಹೊತ್ತಿರಬೇಕು. 5 ಗಂಟೆ ರಾತ್ರಿಯ ಹಾರಾಟವಿರಬೇಕು. ಒಂದು ಯಾನವಂತೂ 300 ನಾಟಿಕಲ್ ಮೈಲಿ, ಎಂದರೆ ಸುಮಾರು 555 ಕಿಲೋಮೀಟರ್ ಇರಬೇಕು. ಇದು ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗಿ ಬರುವ ದೂರಕ್ಕಿಂತ ಹೆಚ್ಚು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ತರಬೇತಿ ಶಾಲೆಯಿದೆ. ಖಾಸಗಿ ಶಾಲೆಗಳೂ ಉಂಟು. ತರಬೇತಿಯ ವಿಮಾನಗಳು ಪುಟ್ಟವು. ದುರ್ಗದ ಬೆಟ್ಟಗಳ ಮೇಲಿನ ಗಾಳಿಯಂತ್ರಗಳಿಗೆ ಹಬ್ಬವಾಗುವ ಗಾಳಿಯೇ ಇವುಗಳಿಗೆ ಅಡ್ಡಿಯಾಗುವುದುಂಟು. ಮಳೆ, ಮೋಡ, ಯಂತ್ರದ ದುರಸ್ತಿ ಇವೆಲ್ಲ ಸೇರಿ ಹೇಳಿದ ಅವಧಿಯಲ್ಲಿ 200 ಗಂಟೆ ಮುಗಿಯದಿರುವುದು ಸಾಮಾನ್ಯ.

ನಿಜವಾದ ಪರೀಕ್ಷೆ ಆರಂಭವಾಗುವುದು ಇದಾದ ಮೇಲೆಯೇ. ಪುಟ್ಟ ವಿಮಾನ ನಡೆಸಿದವನು ನೇರವಾಗಿ ಏರ್‌ಬಸ್ ಎ-320ರಲ್ಲಿ ಕುಳಿತುಕೊಳ್ಳುವಂತಿಲ್ಲ. ಆ ಮಾದರಿಯ ವಿಮಾನಕ್ಕೆಂದೇ 'ಟೈಪ್ ರೇಟಿಂಗ್' ಎಂಬ ಪ್ರತ್ಯೇಕ ಅರ್ಹತೆ ಪಡೆಯಬೇಕು; ಅನೇಕ ವೇಳೆ ಅದರ ವೆಚ್ಚವೂ ಅಭ್ಯರ್ಥಿಯ ತಲೆಯ ಮೇಲೆಯೇ ಬೀಳುತ್ತದೆ. ನೇಮಕಾತಿ ನಡೆಯುವುದು ಕಂಪನಿಗಳಿಗೆ ಅಗತ್ಯ ಕಂಡಾಗ ಮಾತ್ರ. ಕಾಯುವ ಕಾಲದಲ್ಲಿ ವೈದ್ಯಕೀಯ ಪ್ರಮಾಣಪತ್ರವನ್ನೂ ಹಾರಾಟದ ಅರ್ಹತೆಗಳನ್ನೂ ಚಾಲ್ತಿಯಲ್ಲಿಡಲು ಹಣ ವ್ಯಯವಾಗುತ್ತಲೇ ಇರುತ್ತದೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಕಾಯುವುದೆಂದರೇನೆಂದು ಹಿರಿಯೂರಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಕಂಪನಿಗಳ ಆಯುಷ್ಯವೂ ನಿಶ್ಚಿತವಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯರಿಗೂ ವಿಮಾನಯಾನ ಎಟುಕುವಂತೆ ಮಾಡಿದರು. (ಅವರ 'ಕ್ಯಾಪ್ಟನ್' ಭೂಸೇನೆಯ ಪದವಿ, ವಿಮಾನದ್ದಲ್ಲ.) ಆ ಸಂಸ್ಥೆ ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು, ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಅದೇ ಹಾದಿ ಹಿಡಿದವು. ಇಂಥ ಪ್ರತಿಯೊಂದು ಸಂದರ್ಭದಲ್ಲೂ ಸಾವಿರಾರು ಗಂಟೆಗಳ ಅನುಭವಿಗಳು ಕೆಲಸ ಹುಡುಕುತ್ತ ಹೊರಬಂದರು. ಆ ಸಾಲಿನಲ್ಲಿ 200 ಗಂಟೆಗಳ ಹೊಸಬನ ಸರದಿ ಎಲ್ಲಿಯದೆಂದು ಊಹಿಸಬಹುದು. ಬೇಡಿಕೆ ಹೆಚ್ಚಿದ ವರ್ಷಗಳಲ್ಲಿ ಕೆಲಸ ಬೇಗ ದೊರೆಯುವುದೂ ನಿಜವೇ. ಆದರೆ ತಾನು ಪರವಾನಗಿ ಪಡೆಯುವ ವರ್ಷ ಎಂಥದೆಂದು ಯಾರೂ ಮುಂಚಿತವಾಗಿ ಹೇಳಲಾರರು.

ಕೆಲಸ ದೊರೆತವನು ಸಹಚಾಲಕನಾಗಿ ಆರಂಭಿಸುತ್ತಾನೆ. ನಸುಕಿನ ಮೂರು ಗಂಟೆಗೆ ಏಳುವುದು, ಯುಗಾದಿ ದೀಪಾವಳಿಗಳಂದು ಬೇರೊಂದು ಊರಿನ ಹೋಟೆಲಿನಲ್ಲಿರುವುದು ನಿತ್ಯದ ಮಾತು. ಪೂರ್ಣ ಹೊಣೆಯ ಕ್ಯಾಪ್ಟನ್ ಆಗಲು ಬೇಕಾದ ಉನ್ನತ ಪರವಾನಗಿಗೆ 1,500 ಗಂಟೆಗಳ ಹಾರಾಟ ಬೇಕು. ವರ್ಷಕ್ಕೆ 1,000 ಗಂಟೆ ಮೀರಿ ಹಾರುವಂತಿಲ್ಲ. ಕಂಪನಿಗಳು ಕೇಳುವ ಅನುಭವ ಇದಕ್ಕಿಂತ ಹೆಚ್ಚಾದ್ದರಿಂದ ಆ ಆಸನಕ್ಕೆ ಹಲವು ವರ್ಷಗಳು ಹಿಡಿಯುತ್ತವೆ.

ಇನ್ನು ಹಣದ ಮಾತು. ತರಬೇತಿಗೆ ಹಲವು ಹತ್ತು ಲಕ್ಷ ರೂಪಾಯಿ ಬೇಕು. 7.5 ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಹೊಳಲ್ಕೆರೆಯ ಅಡಕೆ ತೋಟವಾಗಲಿ, ಹೊಸದುರ್ಗದ ತೆಂಗಿನ ತೋಟವಾಗಲಿ ಮನೆಮಂದಿಯೆಲ್ಲರ ಅನ್ನದ ಮೂಲ. ತೋಟದ ಪಹಣಿಯನ್ನು ಬ್ಯಾಂಕಿಗೆ ಒಯ್ಯುವ ಮೊದಲು ವಿದ್ಯಾರ್ಥಿಯ ವೈದ್ಯಕೀಯ ಪರೀಕ್ಷೆ ಮುಗಿದಿರಬೇಕು. ಆರಂಭದ ದ್ವಿತೀಯ ದರ್ಜೆಯ ಪರೀಕ್ಷೆಯಷ್ಟೇ ಸಾಲದು; ವೃತ್ತಿಗೆ ಬೇಕಾದುದು ಪ್ರಥಮ ದರ್ಜೆಯದು, ಅದನ್ನು ಮುಂದೆಯೂ ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಬಣ್ಣಗಳನ್ನು ಗುರುತಿಸುವಲ್ಲಿ ದೋಷವಿದ್ದು ಅದು ಸಾಲ ಪಡೆದ ಮೇಲೆ ಗೊತ್ತಾದರೆ ಪರಿಹಾರವಿರದು.

ನೆರವು ನೀಡುವ ದಾನಿಗಳು ತರಬೇತಿಯ ಶುಲ್ಕದೊಡನೆ ಪರವಾನಗಿಯ ನಂತರದ ಒಂದೆರಡು ವರ್ಷಗಳ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಳಿತು. ಅಧ್ಯಾಪಕರ ಪಾಲಿನ ಕೆಲಸ ಇದಕ್ಕೂ ಮೊದಲಿನದು. ಪರವಾನಗಿಗೆ ಅಂತರರಾಷ್ಟ್ರೀಯ ಮಟ್ಟದ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ ನಾಲ್ಕನೆಯ ಹಂತ ತಲುಪಿರಬೇಕು. ಕನ್ನಡ ಮಾಧ್ಯಮದ ಮಗು ಇದಕ್ಕೆ ಅಂಜಬೇಕಾಗಿಲ್ಲ. ಅಲ್ಲಿ ನೋಡುವುದು ಸ್ಪಷ್ಟ ಉಚ್ಚಾರಣೆ, ಕೇಳಿದ್ದನ್ನು ಸರಿಯಾಗಿ ಗ್ರಹಿಸಿ ಉತ್ತರಿಸುವ ಶಕ್ತಿ. ಎಂಟನೆಯ ತರಗತಿಯಿಂದಲೇ ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ ಮಾತನಾಡಿಸಿದರೆ ಅದಕ್ಕೆ ತಳಹದಿ ಬೀಳುತ್ತದೆ.