ಹಸುಗೂಸಿನ ಮೊದಲ ನಲವತ್ತು ದಿನ: ದುಆ ನಿಲ್ಲದಿರಲಿ, ಚಿಕಿತ್ಸೆ ತಡವಾಗದಿರಲಿ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿವರ್ಯರ(ಸ) ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಸಲಾತ್ ಮತ್ತು ಸಲಾಮ್.

ಕಳೆದ ಜುಮಾದಲ್ಲಿ ನಾವು ಹಸುಗೂಸುಗಳ ಆರೈಕೆಯ ಬಗ್ಗೆ ಮಾತಾಡಿದೆವು. ನಮಾಝಿನ ನಂತರ ಕೆಲವು ಯುವಕರು ಬಂದು, "ಇದನ್ನು ಬರೆದು ಕೊಡಿ, ಮನೆಯಲ್ಲಿ ಓದಿ ಹೇಳುತ್ತೇವೆ" ಎಂದರು. ಸರಿಯಾದ ಮಾತೇ. ಖುತ್ಬಾ ಕೇಳಿದವರು ಗಂಡಸರು. ಹಾಲೂಡಿಸುವ ತಾಯಿ, ಮಗುವಿಗೆ ನೀರೆರೆಯುವ ಅಜ್ಜಿ ಮನೆಯಲ್ಲಿದ್ದಾರೆ. ಅವರಿಗಾಗಿ ಆ ಖುತ್ಬಾದ ಸಾರಾಂಶವನ್ನು ಇಲ್ಲಿ ಬರೆಯುತ್ತಿದ್ದೇವೆ.

ಫಿರ್‌ಔನನು ಗಂಡುಮಕ್ಕಳನ್ನು ಕೊಲ್ಲಿಸುತ್ತಿದ್ದ ಕಾಲದಲ್ಲಿ ಹಝ್ರತ್ ಮೂಸಾ(ಅ) ಜನಿಸಿದರು. ಆ ಭಯದ ನಡುವೆ ಅವರ ತಾಯಿಗೆ ಅಲ್ಲಾಹನು ನೀಡಿದ ಮೊದಲ ಸೂಚನೆ ಯಾವುದು? ಮಗುವಿಗೆ ಹಾಲೂಡಿಸು ಎಂಬುದು. ಅಪಾಯ ಬಂದಾಗ ನದಿಯಲ್ಲಿ ಬಿಡು ಎಂಬ ಮಾತು ಅದರ ನಂತರ ಬರುತ್ತದೆ. ಅಲ್-ಕಸಸ್ ಅಧ್ಯಾಯದ 7ನೇ ವಚನದಲ್ಲಿ ಈ ಪ್ರಸಂಗವಿದೆ. ಅಲ್ಲಾಹನ ಮೇಲಿನ ಭರವಸೆ ಮತ್ತು ಕೈಯಿಂದ ಆಗುವ ಆರೈಕೆ, ಇವೆರಡೂ ಜೊತೆಯಾಗಿಯೇ ಇವೆ ಎಂಬುದನ್ನು ಇದರಿಂದ ತಿಳಿಯಬೇಕು.

ನಮ್ಮಿಂದಾದ ಒಂದು ತಪ್ಪು

ಮೂರು ವರ್ಷದ ಹಿಂದಿನ ಮಾತು. ಫಜ್ರ್ ನಮಾಝಿನ ನಂತರ ಒಬ್ಬ ಯುವಕ ಬಾಟಲಿಯಲ್ಲಿ ನೀರು ತಂದು, "ಹಝ್ರತ್, ಮಗು ಹಾಲು ಕುಡೀತಿಲ್ಲ, ಸುಮ್ನೆ ಮಲಗೇ ಇರುತ್ತೆ. ನಝರ್ ಆಗಿದೆ ಅಂತ ಅಮ್ಮೀ ಹೇಳ್ತಾರೆ, ಓದಿ ಕೊಡಿ" ಎಂದ. ಮಗುವಿಗೆ ಆಗ ಐದು ದಿನ. ನಾವು ಫಾತಿಹಾ ಓದಿದೆವು, ಫಲಕ್ ಮತ್ತು ನಾಸ್ ಓದಿದೆವು, ನೀರಿಗೆ ಊದಿ ಕೊಟ್ಟೆವು. ಮಗುವಿನ ಮೈ ಹಳದಿಯಾಗಿದೆಯೇ ಎಂದು ಕೇಳಲಿಲ್ಲ. ಆಸ್ಪತ್ರೆಗೆ ತೋರಿಸಿದೆಯಾ ಎಂದೂ ಕೇಳಲಿಲ್ಲ.

ಆ ಮನೆಯಲ್ಲಿ ಚಿಲ್ಲಾ ಮುಗಿಯದ ಬಾಣಂತಿಯನ್ನು ಹೊರಗೆ ಕಳಿಸುವುದು ಬೇಡವೆಂದು ಹಿರಿಯರು ತಡೆದಿದ್ದರು. ಹಝ್ರತ್ ಓದಿದ ನೀರು ಬಂದಿದೆಯಲ್ಲ, ನೋಡೋಣ ಎಂದು ಇನ್ನೂ ಒಂದು ದಿನ ಕಾದರು. ಮರುದಿನ ಮಗು ಸೆಟೆದುಕೊಂಡಾಗ ಆಸ್ಪತ್ರೆಗೆ ಓಡಿದರು. ತೀವ್ರ ಕಾಮಾಲೆ. ಅಲ್ಹಮ್ದುಲಿಲ್ಲಾಹ್, ಜೀವ ಉಳಿಯಿತು. ಆದರೆ ಆ ಮಗುವಿಗೆ ಕಿವಿ ಕೇಳಿಸುವುದಿಲ್ಲ. ಅದು ಹುಟ್ಟಿದ ದಿನ ಅದರ ಕಿವಿಯಲ್ಲಿ ಅಝಾನ್ ಹೇಳಿದವರು ನಾವೇ.

ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇವೆ. ಅವರು ನಮ್ಮನ್ನು ದೂರಲಿಲ್ಲ. ಆದರೆ ಆ ಒಂದು ದಿನದಲ್ಲಿ ನಮ್ಮ ಪಾಲೂ ಇತ್ತು ಎಂಬುದನ್ನು ನಾವು ಮರೆತಿಲ್ಲ. ಆದ್ದರಿಂದ ಈ ಬರಹದಲ್ಲಿ ಮುಖ್ಯವಾಗಿ ಹೇಳುವುದು ಇಷ್ಟೇ: ಹಸುಗೂಸು ಹಾಲು ಬಿಟ್ಟರೆ ಮೊದಲು ಆಸ್ಪತ್ರೆಗೆ ಹೋಗಿ. ದುಆ ದಾರಿಯಲ್ಲಿಯೂ ಮಾಡಬಹುದು.

ಮೊದಲ ಹಾಲು

ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವಿಗೆ ತಾಯಿಯ ಎದೆಹಾಲು ಸಿಗಬೇಕು. ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಮಂದವಾದ ಗಿಣ್ಣುಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ರೋಗ ತಡೆಯುವ ಶಕ್ತಿ ಮಗುವಿಗೆ ಸಿಗುವುದು ಅದರಿಂದಲೇ. ಅಳತೆಯಲ್ಲಿ ಕಡಿಮೆ ಇರುತ್ತದೆ, ಹುಟ್ಟಿದ ಮಗುವಿನ ಹೊಟ್ಟೆಗೆ ಅಷ್ಟು ಸಾಕು. ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲೂಡಿಸಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಸಕ್ಕರೆ ನೀರು, ಗುಟ್ಟಿ, ತೇಯ್ದ ಬಜೆ, ಹಸುವಿನ ಹಾಲು ಯಾವುದೂ ಬೇಡ. ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ. ನಾವು ಓದಿ ಕೊಟ್ಟ ನೀರೂ ನೀರೇ, ಅದನ್ನೂ ಕುಡಿಸಬೇಡಿ. ವೈದ್ಯರು ಹೇಳಿದ ಔಷಧಿ, ಹನಿಗಳನ್ನು ಮಾತ್ರ ಕೊಡಿ.

ಅಲ್-ಬಕರ ಅಧ್ಯಾಯದ 233ನೇ ವಚನವು ಪೂರ್ತಿ ಎರಡು ವರ್ಷದ ಹಾಲೂಡಿಕೆಯ ಬಗ್ಗೆ ಹೇಳುತ್ತದೆ. ಅದೇ ವಚನದಲ್ಲಿ ತಾಯಿಯ ಊಟ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸಲಾಗಿದೆ. ನಾವು ಗಂಡಸರು ಮೊದಲ ಭಾಗವನ್ನು ಹೆಂಡತಿಗೆ ನೆನಪಿಸುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಬಾಣಂತಿಗೆ ಹೊಟ್ಟೆ ತುಂಬ ಊಟ, ನಿದ್ದೆ, ಮನೆಗೆಲಸದಲ್ಲಿ ಬಿಡುವು ಕೊಡುವುದು ಉಪಕಾರವಲ್ಲ, ಕರ್ತವ್ಯ. ಉಪವಾಸದಿಂದ ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಹಾಲೂಡಿಸುವ ತಾಯಿಗೆ ರಮಝಾನಿನಲ್ಲೂ ವಿನಾಯಿತಿ ಇದೆ, ನಂತರ ಕಝಾ ಮಾಡಬಹುದು.

ತಹ್ನೀಕ್ ಮತ್ತು ಜೇನು

ಪ್ರವಾದಿವರ್ಯರು(ಸ) ಖರ್ಜೂರವನ್ನು ಅಗಿದು ಹುಟ್ಟಿದ ಮಕ್ಕಳ ಅಂಗುಳಕ್ಕೆ ಸವರುತ್ತಿದ್ದರು. ಹಝ್ರತ್ ಅಸ್ಮಾರ(ರ) ಮಗ ಅಬ್ದುಲ್ಲಾಹ್ ಇಬ್ನ್ ಝುಬೈರ್‌ರಿಗೆ(ರ) ಹೀಗೆ ಮಾಡಿದ ಹದೀಸ್ ಪ್ರಸಿದ್ಧವಾಗಿದೆ. ಇದು ಸುನ್ನತ್, ಕಡ್ಡಾಯವಲ್ಲ. ನಮ್ಮ ಅನೇಕ ಮನೆಗಳಲ್ಲಿ ಖರ್ಜೂರದ ಬದಲು ಜೇನು ನೆಕ್ಕಿಸುತ್ತಾರೆ. ದಯವಿಟ್ಟು ಬೇಡ. ದೊಡ್ಡವರಿಗೆ ಜೇನು ಒಳ್ಳೆಯದೇ. ಆದರೆ ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಹಸುಗೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ಮಗುವಿನ ಮೈ ಸಡಿಲವಾಗಿ ಉಸಿರಾಟವೂ ನಿಲ್ಲಬಹುದು. ಇದಕ್ಕೆ ಬಾಟ್ಯುಲಿಸಮ್ ಎನ್ನುತ್ತಾರೆ. ಒಂದು ವರ್ಷ ತುಂಬುವವರೆಗೆ ಜೇನು ಕೂಡದು.

ತಹ್ನೀಕ್ ಮಾಡಿಸಲೇಬೇಕೆಂದಿದ್ದರೆ ವೈದ್ಯರನ್ನು ಕೇಳಿ. ಬಾಯಿಯಿಂದ ಸೋಂಕು ದಾಟುತ್ತದೆ, ಆದ್ದರಿಂದ ಯಾರೂ ಅಗಿದು ಕೊಡುವುದು ಬೇಡ. ಸೋಪು ಹಾಕಿ ತೊಳೆದ ಬೆರಳಿನಿಂದ, ನುಣ್ಣಗೆ ಅರೆದ ಖರ್ಜೂರದ ಒಂದು ಸವರು ಸಾಕು. ತಿಂಗಳು ತುಂಬದ ಅಥವಾ ಅನಾರೋಗ್ಯದ ಮಗುವಾದರೆ ಬಿಟ್ಟುಬಿಡಿ. ಇಮಾಮರು ಬರಲೆಂದು ಎದೆಹಾಲನ್ನು ತಡೆಯಬೇಡಿ. ಬರುವವರಲ್ಲಿ ನಾವೂ ಒಬ್ಬರು, ತಡವಾಗಿ ಬಂದರೆ ಬರೀ ದುಆ ಮಾಡಿ ಹೋಗುತ್ತೇವೆ.

ಬಿಡಬೇಕಾದ ಕೆಲವು ರೂಢಿಗಳು

ಹುಟ್ಟಿದ ಕೂಡಲೇ ಸ್ನಾನ ಮಾಡಿಸಬೇಡಿ, ಕನಿಷ್ಠ 24 ಗಂಟೆ ಕಳೆಯಲಿ. ಒರೆಸಿ, ಬಟ್ಟೆ ಸುತ್ತಿ, ತಾಯಿಯ ಮೈಗೆ ಒತ್ತಿ ಬೆಚ್ಚಗಿಡಿ. ಹೊಕ್ಕುಳಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ ಹಚ್ಚಬೇಡಿ. ಒಣಗಿದ್ದರೆ ತಾನಾಗಿ ಬೀಳುತ್ತದೆ. ಕಣ್ಣಿಗೆ ಸುರ್ಮಾ, ಕಾಡಿಗೆ ಬೇಡ, ಅನೇಕ ಸುರ್ಮಾಗಳಲ್ಲಿ ಸೀಸ ಇರುತ್ತದೆ. ಕಿವಿ, ಮೂಗಿಗೆ ಎಣ್ಣೆ ಬಿಡಬೇಡಿ. ಲೋಬಾನದ ಹೊಗೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ. ಏಳನೇ ದಿನದ ಅಕೀಕಾಕ್ಕೆ ಬಂದವರು ಮಗುವಿಗೆ ಮುತ್ತಿಡುವುದನ್ನು ಮನೆಯವರು ತಡೆಯಲಿ, ಇದರಲ್ಲಿ ಮುಜುಗರ ಬೇಡ. ಮಗು ಆಸ್ಪತ್ರೆಯಲ್ಲಿದ್ದರೆ ಅಕೀಕಾವನ್ನು 14ನೇ ಅಥವಾ 21ನೇ ದಿನ ಇಟ್ಟುಕೊಳ್ಳಬಹುದು.

ಚಿಲ್ಲಾದ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇವೆ. ನಿಫಾಸಿನ ಗರಿಷ್ಠ ಅವಧಿ ಹನಫಿ ಮಝ್‌ಹಬಿನಲ್ಲಿ 40 ದಿನ, ಶಾಫಿಈ ಮಝ್‌ಹಬಿನಲ್ಲಿ 60 ದಿನ. ಇದು ನಮಾಝ್, ಉಪವಾಸ ಮುಂತಾದವುಗಳ ನಿಯಮ. ತಾಯಿ ಮಗು ಆಸ್ಪತ್ರೆಗೆ ಹೋಗಬಾರದೆಂದು ಶರೀಅತ್ ಎಲ್ಲಿಯೂ ಹೇಳಿಲ್ಲ.

ಕಾಯಬಾರದ ಲಕ್ಷಣಗಳು

ಅನೇಕ ಮಕ್ಕಳಿಗೆ ಎರಡು ಮೂರನೇ ದಿನ ಸ್ವಲ್ಪ ಹಳದಿ ಬಂದು ತಾನಾಗಿ ಇಳಿಯುತ್ತದೆ. ಆದರೆ ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಎರಡು ವಾರ ದಾಟಿದರೂ ಹೋಗದಿದ್ದರೆ ಕೂಡಲೇ ತೋರಿಸಿ. ಬಿಲಿರುಬಿನ್ ಎಂಬ ಹಳದಿ ಅಂಶ ರಕ್ತದಲ್ಲಿ ಮಿತಿಮೀರಿದರೆ ಮೆದುಳಿಗೂ ಶ್ರವಣಶಕ್ತಿಗೂ ಹಾನಿ ಮಾಡುತ್ತದೆ. ಸಕಾಲಕ್ಕೆ ಹೋದರೆ ನೀಲಿ ಬೆಳಕಿನ ಕೆಳಗೆ ಮಲಗಿಸುವ ಚಿಕಿತ್ಸೆಯಿಂದ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಬರೆ ಹಾಕುವುದರಿಂದ, ನಾಟಿ ಮದ್ದಿನಿಂದ ಸಮಯ ಹೋಗುತ್ತದೆ, ಮಗುವಿಗೆ ನೋವೂ ಆಗುತ್ತದೆ.

ಇತರ ಲಕ್ಷಣಗಳು ಇವು: ಹಾಲು ಬಿಡುವುದು. ಎಬ್ಬಿಸಿದರೂ ಎಚ್ಚರವಾಗದಿರುವುದು. ಫಿಟ್ಸ್ ಬರುವುದು. ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುವುದು, ಎದೆಗೂಡು ಒಳಕ್ಕೆ ಸೆಳೆಯುವುದು. ಮೈ ಬಿಸಿಯಾಗುವುದು ಇಲ್ಲವೇ ತಣ್ಣಗಾಗುವುದು. ಹೊಕ್ಕುಳ ಕೆಂಪಾಗಿ ಕೀವಾಗುವುದು. ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಹೊರಡಿ. 108ಕ್ಕೆ ಕರೆ ಮಾಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದವರೆಗಿನ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಹಣವಿಲ್ಲವೆಂದು ಕಾಯುವ ಅಗತ್ಯವಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವನ್ನು ನೋಡುತ್ತಾರೆ. ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ, ಒಳಗೆ ಕರೆದು ಮಗುವನ್ನು ತೋರಿಸಿ. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಲಸಿಕೆಗಳು ಹುಟ್ಟಿದಾಗಲೇ ಆಗಬೇಕು, ನಂತರದವು 6, 10, 14 ವಾರಕ್ಕೆ. ತಾಯಿ ಕಾರ್ಡನ್ನು ಜೋಪಾನವಾಗಿಡಿ. ಲಸಿಕೆಯ ಬಗ್ಗೆ ಗಾಳಿಮಾತು ಕೇಳಿ ಹಿಂಜರಿಯಬೇಡಿ. 2014ರಲ್ಲಿ ನಮ್ಮ ದೇಶ ಪೋಲಿಯೊಮುಕ್ತವೆಂದು ಘೋಷಿತವಾದದ್ದು ಆ ಎರಡು ಹನಿಗಳಿಂದಲೇ.

ಮಸೀದಿಯ ಪಾಲು

ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಜಮಾಅತ್ ಕಮಿಟಿ ಮೂರು ತೀರ್ಮಾನ ಮಾಡಿದೆ. ಆರು ತಿಂಗಳೊಳಗಿನ ಮಗುವಿಗೆ ಕುಡಿಸಲು ನೀರು ಓದಿ ಕೊಡುವುದಿಲ್ಲ. ಮಗುವಿಗೆ ಹುಷಾರಿಲ್ಲವೆಂದು ಬಂದವರನ್ನು ಮೊದಲು ಆಸ್ಪತ್ರೆಗೆ ಕಳಿಸುತ್ತೇವೆ, ಬೇಕಾದರೆ ನಾವೂ ಜೊತೆಗೆ ಬಂದು ಅಲ್ಲಿಯೇ ದುಆ ಮಾಡುತ್ತೇವೆ. ರಾತ್ರಿ ಗಾಡಿ ಬೇಕಾದವರಿಗಾಗಿ ಮೂವರು ಆಟೋ ಚಾಲಕರ ನಂಬರನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದೇವೆ. ಇತರ ಊರಿನ ಜಮಾಅತ್‌ಗಳೂ ಇದನ್ನು ಯೋಚಿಸಲಿ.

ಮಗು ನಮ್ಮ ಆಸ್ತಿಯಲ್ಲ, ನಮ್ಮ ಕೈಗೆ ಕೊಟ್ಟ ಅಮಾನತ್. ಅದರ ಬಗ್ಗೆ ನಾಳೆ ನಮ್ಮನ್ನು ಕೇಳಲಾಗುತ್ತದೆ. ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯ ನೀಡಲಿ, ನಮ್ಮ ಅಲಕ್ಷ್ಯವನ್ನು ಕ್ಷಮಿಸಲಿ, ತಡಮಾಡದೆ ಸರಿಯಾದದ್ದನ್ನು ಮಾಡುವ ತೌಫೀಕ್ ನೀಡಲಿ. ಆಮೀನ್.